ಊಟದ ಕೋಣೆಗೆ ಮಣ್ಣು

ನನ್ನ ಚಿಕ್ಕಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಅವರನ್ನು ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಕರೆತಂದ ಕೆಲವೇ ದಿನಕ್ಕೆ ಚಿಕ್ಕಮ್ಮ ನನಗೆ ಫೋನ್ ಮಾಡಿದಳು. ಅಳುತ್ತಾಳೇನೋ ಎಂದುಕೊಂಡು ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅವಳು ಕೇಳಿದ್ದು ಬೇರೆಯೇ.

"ನೀನು ಊರವರ ಮನೆಗೆಲ್ಲ ಮಾಡಿಕೊಡ್ತೀಯಲ್ಲ, ಮಣ್ಣಿನ ಗೋಡೆ, ಬೆತ್ತದ ದೀಪ, ಅದೂ ಇದೂ. ನಮ್ಮ ಊಟದ ಕೋಣೆಗೂ ಹಾಗೇ ಮಾಡಿಕೊಡ್ತೀಯಾ?"

"ಈಗಲಾ? ಚಿಕ್ಕಪ್ಪ ಹೀಗಿರುವಾಗ?"

"ಹೀಗಿರುವಾಗಲೇ," ಎಂದಳು. "ಚೆನ್ನಾಗಿದ್ದಾಗ ಬಿಡ್ತಿದ್ರಾ?"

ಮನೆಗಳ ಒಳಗನ್ನು ಅಂದಗೊಳಿಸುವುದು ನನ್ನ ಕೆಲಸ. ಈಗೀಗ ನನ್ನ ಬಳಿ ಬರುವವರಿಗೆ ಹೊಳೆಯುವುದು ಯಾವುದೂ ಬೇಡ. ಮಣ್ಣು ಬೇಕು, ಮರ ಬೇಕು, ಸೆಣಬು ಬೇಕು, ಮೂಲೆಯಲ್ಲಿ ಒಣಗಿದ ಹುಲ್ಲಿನ ಒಂದು ಕಂತೆ ಬೇಕು. ಮಣ್ಣಿನ ಮನೆಯಲ್ಲಿ ಬೆಳೆದವರು ಟೈಲ್ಸ್ ಹಾಕಿಸಿಕೊಳ್ಳುತ್ತಾರೆ, ಟೈಲ್ಸ್ ಮೇಲೆ ಬೆಳೆದವರು ನನ್ನನ್ನು ಕರೆಸಿ ಮಣ್ಣು ಮೆತ್ತಿಸಿಕೊಳ್ಳುತ್ತಾರೆ. ಈ ಇಬ್ಬರ ನಡುವೆ ನನ್ನ ಹೊಟ್ಟೆಪಾಡು ನಡೆಯುತ್ತದೆ.

ಚಿಕ್ಕಪ್ಪ ಮೊದಲನೆಯ ಪೈಕಿ. ಅವರದು ಟೈಲ್ಸ್ ಅಂಗಡಿ. ಊರಿನ ಅರ್ಧದಷ್ಟು ಬಚ್ಚಲುಮನೆಗಳು ಅವರ ಅಂಗಡಿಯ ಮಾಲಿನಿಂದಲೇ ಹೊಳೆಯುತ್ತಿದ್ದವು. ತಮ್ಮ ಮನೆ ಕಟ್ಟಿಸಿದಾಗ ಊಟದ ಕೋಣೆಗೆ ನೆಲದಿಂದ ಸೂರಿನವರೆಗೆ ಬಿಳಿ ಟೈಲ್ಸ್ ಹಾಕಿಸಿದರು. ಗಾಜಿನ ಮೇಜು, ಉಕ್ಕಿನ ಕಾಲಿನ ಕುರ್ಚಿಗಳು, ನೆತ್ತಿಯ ಮೇಲೆ ಟ್ಯೂಬ್‌ಲೈಟು. ರಜೆಗೆ ಹೋದಾಗ ನಾವು ಮಕ್ಕಳು ಅದನ್ನು ಆಪರೇಷನ್ ಕೋಣೆ ಎನ್ನುತ್ತಿದ್ದೆವು. ಚಿಕ್ಕಮ್ಮ ಊಟಕ್ಕೆ ಕರೆದರೆ ನನ್ನ ತಮ್ಮ ಬಾಗಿಲಲ್ಲೇ ಅಂಗಾತ ಮಲಗಿ, "ಡಾಕ್ಟ್ರೇ, ನೋವಾಗದ ಹಾಗೆ ಕುಯ್ಯಿರಿ," ಎನ್ನುತ್ತಿದ್ದ. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆ ನಗುವೆಲ್ಲ ಚಿಕ್ಕಪ್ಪ ಅಂಗಡಿಯಿಂದ ಬರುವವರೆಗೆ ಮಾತ್ರ.

ಬಂದವರು ಕೈ ತೊಳೆದು, ಕೂರುವ ಮುಂಚೆ ಗೋಡೆಯ ಮೇಲೆ ಒಂದು ಬೆರಳು ಎಳೆದು ಬೆಳಕಿಗೆ ಹಿಡಿಯುತ್ತಿದ್ದರು. ಯಾರ ಕಣ್ಣಿಗೂ ಬೀಳದ ಧೂಳು ಅವರಿಗೆ ಕಾಣುತ್ತಿತ್ತು. "ಒರೆಸು," ಎನ್ನುತ್ತಿದ್ದರು. ಅಷ್ಟೇ. ಬೈಗುಳವಿಲ್ಲ, ಏರುದನಿಯಿಲ್ಲ. ಬಡಿಸಿಟ್ಟದ್ದು ಆರಿ ತಣ್ಣಗಾಗುವವರೆಗೆ ಚಿಕ್ಕಮ್ಮ ಒದ್ದೆ ಬಟ್ಟೆ ಹಿಡಿದು ಗೋಡೆ, ಮೂಲೆ, ಮೇಜಿನ ಕಾಲು ಎಲ್ಲ ಒರೆಸಬೇಕು. ಅವರು ಸುಮ್ಮನೆ ನಿಂತಿರುತ್ತಿದ್ದರು. ಆಮೇಲೆ ಊಟ. ಊಟದ ನಡುವೆ ಒಂದು ಹನಿ ಚೆಲ್ಲಿದರೂ ಮತ್ತೆ ಅದೇ ಮಾತು. ನಮ್ಮಮ್ಮ, ಅಂದರೆ ಚಿಕ್ಕಮ್ಮನ ಅಕ್ಕ, "ನಿನ್ನ ಗಂಡನಿಗೆ ಊಟ ಬಡಿಸೋದು ಯಾಕೆ, ಒಂದು ಬಕೆಟ್ ಫಿನಾಯಿಲ್ ಇಟ್ಟುಬಿಡು," ಎಂದು ತಮಾಷೆ ಮಾಡುತ್ತಿದ್ದಳು. ತಂಗಿಯ ಕೈಬೆರಳುಗಳು ನೀರಿನಲ್ಲಿ ನೆನೆದು ನೆರಿಗೆಗಟ್ಟಿದ್ದನ್ನು ನೋಡಿದ ಮೇಲೆ ಆ ತಮಾಷೆಯನ್ನು ಬಿಟ್ಟಳು.

ಮದುವೆಯಾದ ಹೊಸದರಲ್ಲಿ ಚಿಕ್ಕಮ್ಮ ಒಂದು ಮಣ್ಣಿನ ಹೂಜಿ ತಂದು ಆ ಗಾಜಿನ ಮೇಜಿನ ಮೇಲೆ ಇಟ್ಟಿದ್ದಳಂತೆ. ನೀರು ತಂಪಾಗಿರುತ್ತದೆ, ನೋಡುವುದಕ್ಕೂ ಚೆಂದ ಎಂದು. ಚಿಕ್ಕಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎತ್ತಿ ಹಾಕಿ, ಸೋಪು ಹಚ್ಚಿ ಕೈ ತೊಳೆದು ಬಂದು ಕೂತರಂತೆ. "ಊಟ ಮಾಡೋ ಜಾಗಕ್ಕೆ ಮಣ್ಣು ತರಬೇಡ," ಎಂದರಂತೆ. ಯಾಕೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಉತ್ತರ ತನಗೆ ಗೊತ್ತಿದೆ ಎಂದುಕೊಂಡೇ ಚಿಕ್ಕಮ್ಮ ಅಷ್ಟು ವರ್ಷ ಬಾಳಿದಳು. ಮಣ್ಣಿನ ಗುಡಿಸಲಲ್ಲಿ ಹುಟ್ಟಿದ ಮನುಷ್ಯ, ನಾಲ್ಕು ಜನ ಸಲಾಮು ಹೊಡೆಯುವಂತಾದ ಮೇಲೆ ಹುಟ್ಟಿದ ಮನೆಯ ನೆನಪೇ ಆಗಬಾರದು, ಅದಕ್ಕೇ ಈ ಹಾರಾಟ ಎಂದು. ಚಿಕ್ಕಪ್ಪನಿಗೆ ಒಬ್ಬ ಅಕ್ಕ ಇದ್ದಳು. ಹೊಲಿಗೆ ಅಂಗಡಿಯೊಂದರಲ್ಲಿ ಗುಂಡಿ ಹಾಕುತ್ತ, ಒಂಟಿಯಾಗಿ ಇದ್ದ ಹೆಂಗಸು. ತಮ್ಮನ ಮನೆಗೆ ಅವಳು ಬಂದದ್ದೇ ಅಪರೂಪ. ಬಂದರೂ ಜಗುಲಿಯಲ್ಲಿ ಕೂತು ಎದ್ದು ಹೋಗುತ್ತಿದ್ದಳು. "ಬಡ ಅಕ್ಕ ಮೇಜಿಗೆ ಕೂತ್ರೆ ಟೈಲ್ಸ್‌ಗೆ ಕಲೆ ಆಗುತ್ತಲ್ಲ," ಎಂದು ಚಿಕ್ಕಮ್ಮ ನಮ್ಮಮ್ಮನ ಹತ್ತಿರ ಮೂಗು ಮುರಿಯುತ್ತಿದ್ದಳು.

ಅಂಥ ಚಿಕ್ಕಮ್ಮ ಈಗ ಊಟದ ಕೋಣೆಗೆ ಮಣ್ಣು ಮೆತ್ತಬೇಕು ಎಂದರೆ ನನಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಗಿ ಖುಷಿಯೇ ಆಯಿತು. ಕೊನೆಗಾಲಕ್ಕಾದರೂ ತನ್ನ ಇಷ್ಟದ ಕೋಣೆಯಲ್ಲಿ ಕೂತು ಉಣ್ಣಲಿ ಎಂದುಕೊಂಡೆ.

ಟೈಲ್ಸ್ ಕೀಳುವ ದಿನ ಮೊದಲ ಸುತ್ತಿಗೆ ಏಟು ಅವಳೇ ಹಾಕಿದಳು. ಕೆಲಸದವರು ಪಕ್ಕಕ್ಕೆ ಸರಿದು ನಿಂತರು. ಏಟಿಗೊಂದು ಚೂರು ಹಾರಿ ಬೀಳುತ್ತಿದ್ದರೆ ಅವಳ ಮುಖದಲ್ಲಿ ಬೆವರು, ಬಾಯಲ್ಲಿ ಒಂದು ಬಗೆಯ ಬಿಗಿತ. ಪಕ್ಕದ ಮಲಗುವ ಕೋಣೆಯಲ್ಲಿ ಚಿಕ್ಕಪ್ಪ ಎಲ್ಲ ಕೇಳಿಸಿಕೊಳ್ಳುತ್ತ ಕೂತಿದ್ದರು. ಅವರನ್ನು ನೋಡಿಕೊಳ್ಳಲು ಹಗಲಿಗೆ ಬರುತ್ತಿದ್ದ ಗಟ್ಟಿಮುಟ್ಟು ಹೆಂಗಸನ್ನು ನಾವೆಲ್ಲ ನರ್ಸಮ್ಮ ಎನ್ನುತ್ತಿದ್ದೆವು. ಅವಳು ಬಾಗಿಲಿಗೆ ಬಂದು, "ಸ್ವಲ್ಪ ಮೆಲ್ಲಗೆ ಮಾಡೋಕಾಗುತ್ತಾ? ಸಾಹೇಬ್ರಿಗೆ ಗಾಬರಿ ಆಗ್ತಿದೆ," ಎಂದಳು.

"ಆಗ್ಲಿ," ಎಂದಳು ಚಿಕ್ಕಮ್ಮ. ಸುತ್ತಿಗೆ ನಿಲ್ಲಲಿಲ್ಲ.

ಜರಡಿ ಹಿಡಿದ ಕೆಂಪು ಮಣ್ಣಿಗೆ ಸುಣ್ಣ, ಮರಳು, ಸಣ್ಣಗೆ ಕತ್ತರಿಸಿದ ಒಣಹುಲ್ಲು ಬೆರೆಸಿ, ತುಳಿದು, ಹದಕ್ಕೆ ಬರಲು ಬಿಟ್ಟೆವು. ನನ್ನ ಗಿರಾಕಿಗಳಿಗೆ ಗೋಡೆ ಪೂರ್ತಿ ನುಣುಪಾಗಿರಬಾರದು. ಹುಲ್ಲಿನ ಎಳೆ ಅಲ್ಲಲ್ಲಿ ಎದ್ದು ಕಾಣಬೇಕು, ಕೈ ಆಡಿಸಿದ ಗುರುತು ಉಳಿಯಬೇಕು, ಇಲ್ಲದಿದ್ದರೆ ಬರೀ ಬಣ್ಣ ಬಳಿದ ಹಾಗೆ ಕಾಣುತ್ತದೆ ಎನ್ನುತ್ತಾರೆ. ಗಾರೆಯವನು ಇದನ್ನು ಕೇಳಿ ನಕ್ಕ. "ನಮ್ಮಜ್ಜಿ ಗೋಡೆ ನಯ ಮಾಡೋಕೆ ಸೊಂಟ ಮುರ್ಕೊಂಡ್ಳು. ನೀವು ಒರಟು ಮಾಡೋಕೆ ಕೂಲಿ ಕೊಡ್ತೀರಿ. ಕೊಡಿ, ಕೊಡಿ."

ಚಿಕ್ಕಮ್ಮ ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೆ ಮಣ್ಣು ಮಾಡಿಕೊಂಡು ಅವನ ಜೊತೆಗೇ ಮೆತ್ತಿದಳು. ಕೆನ್ನೆಗೆ, ಕೂದಲಿಗೆ, ಕನ್ನಡಕಕ್ಕೆ ಎಲ್ಲ ಮಣ್ಣು. "ನೋಡೇ," ಎಂದು ನನಗೆ ಎರಡು ಅಂಗೈ ತೋರಿಸಿದಳು. "ಒರೆಸು ಅನ್ನೋ ಪ್ರಾಣಿ ಒಂದೂ ಇಲ್ಲ ಈ ಮನೆಯಲ್ಲಿ." ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಚಿಕ್ಕಂದಿನಲ್ಲಿ, ನನ್ನ ತಮ್ಮ ಬಾಗಿಲಲ್ಲಿ ಮಲಗುತ್ತಿದ್ದಾಗ.

ಅದೇ ಹೊತ್ತಿಗೆ ನರ್ಸಮ್ಮ ಚಿಕ್ಕಪ್ಪನನ್ನು ಬಚ್ಚಲಿಗೆ ಕರೆದೊಯ್ಯಲು ಆ ಕಡೆ ಬಂದಳು. ಗಾಲಿಕುರ್ಚಿ ಊಟದ ಕೋಣೆಯ ಬಾಗಿಲ ಮುಂದೆ ಹಾದದ್ದೇ, ಚಿಕ್ಕಪ್ಪ ಎಡಗೈ ಚಾಚಿ ಬಾಗಿಲ ಚೌಕಟ್ಟನ್ನು ಹಿಡಿದುಬಿಟ್ಟರು. ಕಣ್ಣು ಒದ್ದೆ ಗೋಡೆಯ ಮೇಲೆ. ಕುರ್ಚಿ ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಚಿಕ್ಕಮ್ಮ ಮಣ್ಣಿನ ಕೈಯಲ್ಲೇ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳುಗಳ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಅವರು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳದೆ ಗಾಳಿಯಲ್ಲೇ ಹಿಡಿದುಕೊಂಡಿದ್ದರು.

"ಕೈ ತೊಳೆಸು ಅಂತಿದಾರೆ," ಎಂದಳು ನರ್ಸಮ್ಮ.

"ಒಣಗಿದ ಮೇಲೆ ತಾನೇ ಉದುರುತ್ತೆ," ಎಂದು ಚಿಕ್ಕಮ್ಮ ಒಳಗೆ ಬಂದಳು.

ಕೋಣೆ ಮುಗಿದಾಗ ನಾನು ಮಾಡಿದ ಎಲ್ಲ ಕೋಣೆಗಳಿಗಿಂತ ಅದೇ ಚೆನ್ನಾಗಿತ್ತು. ಸುತ್ತ ಜೇಡಿಮಣ್ಣಿನ ಬಣ್ಣ, ಒಂದೇ ಹಲಗೆಯ ಮೇಜು, ಅದರ ಅಂಚಿನಲ್ಲಿ ಮರದ ತೊಗಟೆ ಹಾಗೇ ಬಿಟ್ಟದ್ದು. ಬೆತ್ತ ಹೆಣೆದ ಕುರ್ಚಿಗಳು, ಬೆತ್ತದ ಬುಟ್ಟಿಯನ್ನು ಬೋರಲು ಹಾಕಿದ ಹಾಗೆ ತೂಗುವ ದೀಪ, ಕಾಲಡಿ ಸೆಣಬಿನ ಚಾಪೆ, ಮೇಜಿನ ಮೇಲೆ ಸುಟ್ಟ ಮಣ್ಣಿನ ತಟ್ಟೆ ಬಟ್ಟಲುಗಳು. ಸಂಜೆಯ ಬಿಸಿಲು ಕಿಟಕಿಯಿಂದ ಬಂದರೆ ಗೋಡೆ ಒಳಗಿನಿಂದ ಕಾದ ಹಾಗೆ ಕಾಣುತ್ತಿತ್ತು. ನಾನು ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ ಮೇಲೆ ಒಂದು ಪತ್ರಿಕೆಯವರೂ ಕೇಳಿ ಹಾಕಿಕೊಂಡರು.

ಮೊದಲ ಊಟಕ್ಕೆ ನನ್ನನ್ನೂ ಕರೆದಳು. ಚಿಕ್ಕಪ್ಪ ಯಾವಾಗಲೂ ಕೂರುತ್ತಿದ್ದದ್ದು ಮೇಜಿನ ತಲೆಯಲ್ಲಿ, ಕಿಟಕಿಯ ಕಡೆ ಮುಖ ಮಾಡಿ. ಚಿಕ್ಕಮ್ಮ ಅವರ ಗಾಲಿಕುರ್ಚಿಯನ್ನು ಪಕ್ಕಕ್ಕೆ ತಂದು, ಗೋಡೆಗೆ ಎದುರಾಗಿ, ಮೊಣಕಾಲು ಗೋಡೆಗೆ ತಾಗುವಷ್ಟು ಹತ್ತಿರ ನಿಲ್ಲಿಸಿದಳು. ಬಟ್ಟಲಿನಲ್ಲಿ ತೆಳ್ಳಗಿನ ಸೂಪು. ಚಮಚ ಬಾಯಿಯ ಹತ್ತಿರ ಹೋದದ್ದೇ ಅವರ ತುಟಿ ಬಿಗಿಯಿತು. ಹಣೆಯಲ್ಲಿ ಬೆವರು ಒಡೆಯಿತು. ಮುಖ ಆ ಕಡೆ ತಿರುಗಿಸಲು ನೋಡಿದರು, ಕತ್ತು ಅಷ್ಟು ಮಾತು ಕೇಳಲಿಲ್ಲ. ಗಂಟಲಿನಿಂದ ಒಂದು ಸದ್ದು ಬಂತು. "ಟ್ಟ... ಟ್ಟ..."

"ತಟ್ಟೆ ಅಂತಿದಾರೆ," ಎಂದಳು ನರ್ಸಮ್ಮ.

"ಹೂಂ. ಮಣ್ಣಿನ ತಟ್ಟೆ ಅಂತ ಕೋಪ." ಚಿಕ್ಕಮ್ಮ ಅವರ ಕಿವಿಯ ಹತ್ತಿರ ಬಾಗಿದಳು. ದನಿ ಮೆತ್ತಗೇ ಇತ್ತು, ಅವರ ದನಿ ಇರುತ್ತಿದ್ದಷ್ಟೇ ಮೆತ್ತಗೆ. "ಒರೆಸು ಅನ್ನಿ ನೋಡೋಣ. ಒರೆಸಿದಷ್ಟೂ ಮಣ್ಣೇ ಬರುತ್ತೆ."

ಸೂಪು ಅವರ ಗದ್ದದಿಂದ ಎದೆಗೆ ಇಳಿಯಿತು. ಅವಳು ಒರೆಸಲಿಲ್ಲ. ನಾನು ಎದ್ದು ಒರೆಸಿದೆ. ನನ್ನ ಖುಷಿಯೆಲ್ಲ ಆ ಕ್ಷಣಕ್ಕೆ ಇಳಿದು ಹೋಗಿತ್ತು. ಆದರೂ ನಾನು ಏನೂ ಅನ್ನಲಿಲ್ಲ. ನೆರಿಗೆಗಟ್ಟಿದ ಆ ಬೆರಳುಗಳನ್ನು ನೋಡುತ್ತ ಬೆಳೆದವಳು ನಾನು.

ಅಂದಿನಿಂದ ಮೂರು ಹೊತ್ತೂ ಅದೇ ನಡೆಯಿತು. ಚಿಕ್ಕಪ್ಪ ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಇಂಥ ಕಾಯಿಲೆಯಲ್ಲಿ ನುಂಗುವುದು ಕಷ್ಟವಾಗುತ್ತದೆ ಎಂದರು ಡಾಕ್ಟರು. ನರ್ಸಮ್ಮ ಮಾತ್ರ ಒಂದು ದಿನ ನನ್ನನ್ನು ಬಚ್ಚಲ ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ನುಂಗೋಕೆ ಏನೂ ತೊಂದ್ರೆ ಇಲ್ಲ ಕಣಮ್ಮ. ಮಲಗೋ ಕೋಣೇಲಿ ಅಮ್ಮಾವ್ರಿಗೆ ಗೊತ್ತಾಗದ ಹಾಗೆ ಕೊಟ್ರೆ ಗಟಗಟ ಅಂತ ಕುಡೀತಾರೆ. ಆ ಕೋಣೆ ಅಂದ್ರೆ ಅದೇನೋ ಆಗುತ್ತೆ ಅವರಿಗೆ. ನೀವಾದ್ರೂ ಹೇಳಿ."

ನಾನು ಹೇಳಿದೆ. ಚಿಕ್ಕಮ್ಮ ತಟ್ಟೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಊಟ ಅಂದ್ರೆ ಊಟದ ಕೋಣೇಲೇ. ಅದು ಅವರೇ ಮಾಡಿದ ಕಾನೂನು. ನನಗೆ ಜ್ವರ ಬಂದು ಮಂಚ ಬಿಟ್ಟೇಳೋಕೆ ಆಗದಿದ್ದಾಗಲೂ ಎಬ್ಬಿಸಿ ಅಲ್ಲಿ ಕೂರಿಸ್ತಿದ್ರು."

"ಅವರು ಮಾಡಿದ್ರು ಅಂತ ನೀನೂ..."

"ನಿನಗೆ ಅಷ್ಟು ಕರುಳು ಚುರ್ ಅಂದ್ರೆ ನಿನ್ನ ಮನೆಗೆ ಕರ್ಕೊಂಡು ಹೋಗಿ ಇಟ್ಕೊ. ದಿನಾ ಅವರ ಕೆಳಗಿಂದು ಮೇಲಿಂದು ಬಳಿಯೋಳು ನಾನು. ಊಟದ ಹೊತ್ತಲ್ಲಾದ್ರೂ ನನ್ನ ಪಾಡಿಗೆ ನನ್ನ ಬಿಡು."

ಅವರನ್ನು ನನ್ನ ಮನೆಗೆ ಕರೆದೊಯ್ಯುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ.

ಅಕ್ಕಪಕ್ಕದವರು, ಚಿಕ್ಕಮ್ಮನ ಹಳೆಯ ಗೆಳತಿಯರು ಕೋಣೆ ನೋಡಲು ಬರತೊಡಗಿದರು. ಹಿಂದೆ ಆ ಮನೆಯಲ್ಲಿ ಯಾರೂ ಊಟಕ್ಕೆ ನಿಲ್ಲುತ್ತಿರಲಿಲ್ಲ. ಈಗ ಮೇಜಿನ ಸುತ್ತ ಹರಟೆ. "ಎಷ್ಟು ತಣ್ಣಗಿದೆ, ಮನಸ್ಸಿಗೆ ಎಷ್ಟು ಹಾಯ್ ಅನ್ಸುತ್ತೆ," ಎಂದು ಎಲ್ಲರೂ ಗೋಡೆಯ ಮೇಲೆ ಕೈ ಆಡಿಸುತ್ತಿದ್ದರು. ಚಿಕ್ಕಪ್ಪನೂ ಅಲ್ಲೇ, ಗೋಡೆಗೆ ಮುಖ ಮಾಡಿ. ಬಂದವರು ಅವರ ಹೆಗಲು ತಟ್ಟಿ, "ಪುಣ್ಯವಂತರು ಸಾರ್, ಮನೆಯೋರು ಎಷ್ಟು ಚೆನ್ನಾಗಿ ನೋಡ್ಕೋತಿದಾರೆ," ಎನ್ನುತ್ತಿದ್ದರು. ಅವರ ಕಾಲರಿನೊಳಗೆ ಕತ್ತು ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು.

ಚಿಕ್ಕಪ್ಪನ ಅಕ್ಕನಿಗೆ ತಮ್ಮ ಮಲಗಿದ್ದನ್ನು ಯಾರೂ ತಿಳಿಸಿರಲಿಲ್ಲ. ತಿಳಿಸಬೇಕು ಎಂದು ಚಿಕ್ಕಮ್ಮನಿಗೆ ತೋಚಲೂ ಇಲ್ಲ. ನಮ್ಮಮ್ಮನಿಗೆ ಪೇಟೆಯಲ್ಲಿ ಅವಳು ಸಿಕ್ಕಿ, ಮಾತಿನ ನಡುವೆ ವಿಷಯ ಬಂದು, ಮಾರನೆಯ ದಿನವೇ ಹೊರಟು ಬಂದಳು. ಕಿಟಕಿಗೆ ಪರದೆ ಅಳೆಯಲು ನಾನೂ ಅವತ್ತು ಅಲ್ಲೇ ಇದ್ದೆ. ಮಧ್ಯಾಹ್ನದ ಊಟದ ಹೊತ್ತು. ಸಣ್ಣ ದೇಹದ ಮುದುಕಿ, ಕೈಯಲ್ಲಿ ಹಣ್ಣಿನ ಚೀಲ. ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದವಳು ಊಟದ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟಳು.

ಅವಳು ತಮ್ಮನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು. ಹತ್ತಿರ ಹೋಗಿ, ಎದ್ದು ನಿಂತ ಹುಲ್ಲಿನ ಎಳೆಯೊಂದನ್ನು ಬೆರಳ ತುದಿಯಿಂದ ಮುಟ್ಟಿದಳು.

"ಇದನ್ನ ಯಾರು ಮಾಡಿಸಿದ್ದು?"

"ನಾನೇ, ಅತ್ತಿಗೆ," ಎಂದಳು ಚಿಕ್ಕಮ್ಮ. ಕೈಯಲ್ಲಿ ಚಮಚ ಹಿಡಿದೇ ಇದ್ದಳು. "ನೀವು ಹುಟ್ಟಿದ ಮನೆ ಹೀಗೇ ಇತ್ತಂತಲ್ಲ. ನಿಮ್ಮ ತಮ್ಮ ಮರೆತುಬಿಟ್ಟಿದ್ರು. ನೆನಪಾಗ್ಲಿ ಅಂತ."

ಅಕ್ಕನ ದನಿ ಕೇಳಿ ಚಿಕ್ಕಪ್ಪ ಮೈಯೆಲ್ಲ ಅಲುಗುವ ಹಾಗೆ ಒದ್ದಾಡಿದರು. ಎಡಗೈ ಅವಳ ಕಡೆ ಚಾಚಿತು. "ಟ್ಟ," ಎಂದರು. "ಟ್ಟ... ಟ್ಟ..." ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಹೂಂ ಕಣೋ," ಎಂದಳು ಅವಳು. ಬಗ್ಗಿ ಅವರ ತಲೆಯನ್ನು ಎದೆಗೆ ಒತ್ತಿಕೊಂಡಳು. "ಪುಟ್ಟ. ಗೊತ್ತಾಯ್ತು. ಪುಟ್ಟ ಇಲ್ಲಿಲ್ಲ. ಈ ಗೋಡೆ ಒಳಗೆ ಯಾರೂ ಇಲ್ಲ. ಬಾ, ಆಚೆ ಹೋಗೋಣ."

ಯಾರನ್ನೂ ಕೇಳದೆ ಕುರ್ಚಿ ತಿರುಗಿಸಿ ಮಲಗುವ ಕೋಣೆಗೆ ತಳ್ಳಿಕೊಂಡು ಹೋದಳು. ಅಷ್ಟು ಸಣ್ಣ ಹೆಂಗಸಿಗೆ ಅಷ್ಟು ಬಲ ಎಲ್ಲಿತ್ತೋ. ನರ್ಸಮ್ಮ ಬಟ್ಟಲು ಎತ್ತಿಕೊಂಡು ಹಿಂದೆಯೇ ಓಡಿದಳು. ಚಿಕ್ಕಮ್ಮ ಚಮಚ ಹಿಡಿದು ನಿಂತೇ ಇದ್ದಳು. ಸ್ವಲ್ಪ ಹೊತ್ತಿಗೆ ಅಕ್ಕ ವಾಪಸು ಬಂದಳು. ಊಟದ ಕೋಣೆಗೆ ಕಾಲಿಡಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾವಿಬ್ಬರೂ ಅಲ್ಲಿಗೇ ಹೋದೆವು.

ಅವಳು ಹೇಳಿದ್ದು ಇಷ್ಟು. ಅವರು ಮೂವರು ಮಕ್ಕಳು. ಅವಳು ದೊಡ್ಡವಳು, ನಡುವಿನವರು ಚಿಕ್ಕಪ್ಪ, ಕೊನೆಯವನು ಪುಟ್ಟ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಇಬ್ಬರು ಹುಡುಗರನ್ನು ಉಣ್ಣಿಸುವುದು ಅವಳ ಪಾಲಿನ ಕೆಲಸ. ಒಂದು ಮಳೆಗಾಲದಲ್ಲಿ ಒಲೆ ಇದ್ದ ಕಡೆಯ ಮಣ್ಣಿನ ಗೋಡೆ ನೆನೆದು ಉಬ್ಬಿತ್ತು. ಯಾರೂ ಗಮನಿಸಿರಲಿಲ್ಲ. ಇಬ್ಬರಿಗೂ ತಟ್ಟೆ ಕೊಟ್ಟು ಅವಳು ನೀರಿಗೆ ಹೋದಳು. ಒಲೆಯ ಹತ್ತಿರದ ಬೆಚ್ಚನೆಯ ಜಾಗಕ್ಕೆ ಅವರಿಬ್ಬರದು ಯಾವಾಗಲೂ ಜಗಳ. ಅವತ್ತು ಒಲೆ ಪಕ್ಕ ಚಿಕ್ಕಪ್ಪ ಕೂತರು. ಪುಟ್ಟನನ್ನು ಗೋಡೆಯ ಕಡೆ ತಳ್ಳಿದರು.

"ನಾನು ಬರೋ ಹೊತ್ತಿಗೆ ಗೋಡೆ ಇರ್ಲಿಲ್ಲ," ಎಂದಳು ಅಕ್ಕ. "ಇವನು ಕೈಯಲ್ಲಿ ಮಣ್ಣು ಕೆರೀತಾ ಇದ್ದ. ಉಗುರು ಕಿತ್ತು ಬಂದಿತ್ತು. ಹುಲ್ಲು ಸೇರಿಸಿದ ಮಣ್ಣು, ಒದ್ದೆಯಾದ್ರೆ ಅಂಟು, ಬಿಡೋದಿಲ್ಲ. ಜನ ಸೇರಿ ತೆಗೆದ್ರು. ಪುಟ್ಟನ ಬಾಯಿ ತುಂಬ..." ಅವಳು ಮುಂದೆ ಹೇಳಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಆಮೇಲೆ ತುಂಬ ದಿನ ಇವನು ಏನೂ ತಿನ್ನಲಿಲ್ಲ. ತಟ್ಟೆ ಇಟ್ರೆ ತೊಳೆದು ತೊಳೆದು ನೋಡೋನು. ತಿನ್ನು ಅಂತ ಅಮ್ಮ ಹೊಡೆಯೋಳು."

ಮಲಗುವ ಕೋಣೆಯಿಂದ ನರ್ಸಮ್ಮನ ದನಿ ಕೇಳುತ್ತಿತ್ತು, "ಇನ್ನೊಂದು ಗುಟುಕು ಸಾಹೇಬ್ರೇ, ಹಾಂ, ಇನ್ನೊಂದು."

"ನನಗೆ ಯಾಕೆ ಹೇಳ್ಲಿಲ್ಲ ನೀವು?" ಎಂದಳು ಚಿಕ್ಕಮ್ಮ.

"ಯಾರ ಹತ್ರಾನೂ ಎತ್ತಬೇಡ ಅಂತ ಮಾತು ತಗೊಂಡಿದ್ದ. ನಮ್ಮಿಬ್ಬರ ನಡುವೆ ಕೂಡ ಒಂದು ಸಲಾನೂ ಆ ಮಾತು ಬರ್ಲಿಲ್ಲ. ನನ್ನ ಮುಖ ನೋಡಿದ್ರೆ ಅವನಿಗೆ ಅದೇ ನೆನಪು. ಅದಕ್ಕೇ ನಾನು ಬರ್ತಿರ್ಲಿಲ್ಲ." ಅಕ್ಕ ಚಿಕ್ಕಮ್ಮನನ್ನು ನಿಜವಾದ ಆಶ್ಚರ್ಯದಿಂದ ನೋಡಿದಳು. "ನಿನಗೆ ಹೇಳಿರ್ತಾನೆ ಅಂತ ತಿಳ್ಕೊಂಡಿದ್ದೆ. ಗಂಡ ಹೆಂಡ್ತಿ ಅಲ್ವಾ?"

"ಗಂಡ ಹೆಂಡ್ತಿ," ಎಂದು ಚಿಕ್ಕಮ್ಮ ಆ ಎರಡು ಪದಗಳನ್ನು ಮತ್ತೆ ಹೇಳಿದಳು, ಹಾಳಾದದ್ದನ್ನು ತಿಂದು ಉಗಿಯುವಂತೆ.

ಅವಳು ಅಳುತ್ತಾಳೆ, ಓಡಿ ಹೋಗಿ ಗಂಡನ ಕಾಲು ಹಿಡಿಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಹೋದದ್ದೇನೋ ಹೋದಳು. ಚಿಕ್ಕಪ್ಪನ ಎದುರು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಾಗಿಲಲ್ಲಿದ್ದ ನಮ್ಮನ್ನೂ ಲೆಕ್ಕಿಸದೆ ಮಾತಾಡಿದಳು.

"ಒಂದು ಸಲ, ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನೀವು ಹೇಳೋದಕ್ಕೆ ಮುಂಚೆ ನಾನೇ ಒರೆಸ್ತಿದ್ದೆ. ಮೂರು ಹೊತ್ತಲ್ಲ, ಆರು ಹೊತ್ತು ಒರೆಸ್ತಿದ್ದೆ. ಅಯ್ಯೋ ಪಾಪ ಅಂತ ಒರೆಸ್ತಿದ್ದೆ. ಈ ಮನುಷ್ಯನಿಗೆ ನನ್ನ ಕಂಡ್ರೆ ಆಗೋದಿಲ್ಲ, ನನ್ನ ಕೈ ಕೊಳಕು ಅಂತ ಅಂದ್ಕೊಂಡು ಅಷ್ಟು ವರ್ಷ ಒರೆಸಿದೆನಲ್ಲ ನಾನು. ಅದನ್ನ ಯಾರು ವಾಪಸ್ ಕೊಡ್ತಾರೆ? ಸತ್ತ ತಮ್ಮನ್ನ ಬಚ್ಚಿಟ್ಕೊಂಡು, ಬದುಕಿರೋ ಹೆಂಡ್ತೀನ ಸಾಯಿಸಿದ್ರಿ."

ಚಿಕ್ಕಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ನರ್ಸಮ್ಮ ಬಟ್ಟಲು ಹಿಡಿದು ತಲೆ ತಗ್ಗಿಸಿದ್ದಳು.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಚಿಕ್ಕಮ್ಮ ಕರಣಿ ಹಿಡಿದು ಗೋಡೆ ಹೆರೆಯುತ್ತಿದ್ದಳು. ಬೆತ್ತದ ಕುರ್ಚಿಗಳು, ಚಾಪೆ, ದೀಪ ಎಲ್ಲ ಅಂಗಳದಲ್ಲಿ ಬಿದ್ದಿದ್ದವು. ಒಣಗಿದ ಮಣ್ಣು ಚಕ್ಕೆ ಚಕ್ಕೆಯಾಗಿ ಬೀಳುತ್ತಿತ್ತು. ಗಾರೆಯವನನ್ನು ಕರೆಸುತ್ತೇನೆ, ಇರು ಎಂದೆ. ಕೇಳಲಿಲ್ಲ. ಕರೆಸಿದ ಮೇಲೂ ಅವನ ಜೊತೆಗೇ ಹೆರೆದಳು, ಮೆತ್ತುವಾಗ ಇದ್ದಂತೆಯೇ. ಆದರೆ ಈ ಸಲ ಒಂದು ಮಾತಿಲ್ಲ. ಗಾರೆಯವನು ಹಾಸ್ಯಕ್ಕೆ ಬಾಯಿ ತೆರೆದು, ಅವಳ ಮುಖ ನೋಡಿ ಮುಚ್ಚಿಕೊಂಡ.

ಆ ಬಿಳಿ ಟೈಲ್ಸ್ ಈಗ ಯಾರೂ ಮಾಡುವುದಿಲ್ಲ. ಅಂಗಡಿಯ ಗೋದಾಮು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಗೋಡೆಗೆ ಸಿಮೆಂಟು ಎಳೆಸಿ, ನುಣುಪು ಮಾಡಿಸಿ, ಹೊಳೆಯುವ ಬಿಳಿ ಬಣ್ಣ ಹೊಡೆಸಿದೆವು. ಗಾಜಿನ ಮೇಜು ಅಟ್ಟದಿಂದ ಇಳಿಯಿತು. ಚಿಕ್ಕಪ್ಪನ ಕುರ್ಚಿಯನ್ನು ಮೊದಲಿನಂತೆ ಮೇಜಿನ ತಲೆಗೆ, ಕಿಟಕಿಗೆ ಮುಖ ಮಾಡಿ ನಿಲ್ಲಿಸಿದೆವು. ಅವರು ನಾಲ್ಕೂ ಗೋಡೆಯ ಮೇಲೆ ನಿಧಾನವಾಗಿ ಕಣ್ಣಾಡಿಸಿದರು. ನರ್ಸಮ್ಮ ಚಮಚ ಹಿಡಿದಳು, ಬಾಯಿ ತೆರೆದರು. ತಿಂದರು. ಅಕ್ಕ ಹಿಡಿದಳು, ತಿಂದರು. ಎಲ್ಲರ ಮುಖದಲ್ಲೂ ಗೆಲುವು ಬಂತು.

"ತಗೊಳ್ಳಿ," ಎಂದು ಚಿಕ್ಕಮ್ಮ ಚಮಚ ಹಿಡಿದಳು.

ತುಟಿ ಮುಚ್ಚಿತು.

ಮಂಕು ಕವಿದಿರಬೇಕು, ಹೊಟ್ಟೆ ತುಂಬಿರಬೇಕು ಎಂದುಕೊಂಡೆವು. ಆದರೆ ಅದು ದಿನಾ ನಡೆಯಿತು. ಕೋಪವಿಲ್ಲ, ಒದ್ದಾಟವಿಲ್ಲ, ಗಂಟಲಿನಿಂದ ಸದ್ದೂ ಇಲ್ಲ. ಅವಳ ಕೈಯ ಚಮಚ ಹತ್ತಿರ ಬಂದರೆ ತುಟಿ ಮುಚ್ಚುತ್ತಿತ್ತು, ಅಷ್ಟೇ. ಅವಳು ಬಿಡಲಿಲ್ಲ. ಸೋಪು ಹಚ್ಚಿ ಕೈ ತೊಳೆದು ಅವರ ಕಣ್ಣ ಮುಂದೆ ಹಿಡಿದು ತೋರಿಸಿ ನೋಡಿದಳು. ಮೇಜು ಒರೆಸಿ ನೋಡಿದಳು, ಅವರು ನೋಡುವ ಹಾಗೆ, ಮೂಲೆ ಮೂಲೆ. ಒಮ್ಮೆ ಅವರು ಕಣ್ಣು ಮುಚ್ಚಿ ಅಗಿಯುತ್ತಿದ್ದಾಗ, ಸದ್ದಿಲ್ಲದೆ ನರ್ಸಮ್ಮನ ಕೈಯಿಂದ ಚಮಚ ತೆಗೆದುಕೊಂಡು ತಾನೇ ಕೊಟ್ಟಳು. ಚಮಚ ತುಟಿಗೆ ತಾಗಿತು. ಕಣ್ಣು ತೆರೆಯದೆಯೇ ಅವರು ಬಾಯಿ ಬಿಗಿದರು. ಅದು ಹೇಗೆ ಗೊತ್ತಾಯಿತೋ, ಅಷ್ಟು ವರ್ಷ ಬಡಿಸಿದ ಕೈಯಲ್ಲವೇ. ಚಿಕ್ಕಮ್ಮ ಚಮಚವನ್ನು ಬಟ್ಟಲಿಗೆ ಹಾಕಿ ಎದ್ದು ಹೋದಳು. ಅಂದಿನಿಂದ ಪ್ರಯತ್ನ ಪಡಲಿಲ್ಲ. ಬಡಿಸಿ, ಬಟ್ಟಲು ತಂದಿಟ್ಟು, ಅವರು ತಿನ್ನುವುದನ್ನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದಳು.

ಪತ್ರಿಕೆಯಲ್ಲಿ ಆ ಕೋಣೆ ನೋಡಿದವರು ಇನ್ನೂ ನನ್ನನ್ನು ಕೇಳುತ್ತಿದ್ದರು, ಅಂಥದ್ದೇ ಬೇಕು ಎಂದು. ಫೋಟೋಗಳನ್ನು ತೆಗೆದುಹಾಕಲೇ ಎಂದು ಚಿಕ್ಕಮ್ಮನನ್ನು ಕೇಳಿದೆ. "ಇರ್ಲಿ ಬಿಡು," ಎಂದಳು. "ಅದರಿಂದ ನಿನಗೆ ನಾಲ್ಕು ಕೆಲಸ ಬಂದ್ರೆ ಬರ್ಲಿ. ಯಾರಿಗಾದ್ರೂ ಉಪಯೋಗಕ್ಕೆ ಆಗ್ಬೇಕಲ್ಲ." ನಾನು ತೆಗೆಯಲಿಲ್ಲ. ಕೆಲಸಗಳೂ ಬಂದವು.

ಚಳಿಗಾಲ ಮುಗಿಯುವ ಹೊತ್ತಿಗೆ ಚಿಕ್ಕಪ್ಪನಿಗೆ ಎರಡನೆಯ ಸಲ ಲಕ್ವ ಹೊಡೆಯಿತು, ಎದ್ದೇಳಲಿಲ್ಲ. ಬಂದವರೆಲ್ಲ ಹೋದ ಮೇಲೆ ಅಕ್ಕ ಕೆಲವು ದಿನ ಉಳಿದುಕೊಂಡಳು. ಒಂದು ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಚಿಕ್ಕಮ್ಮ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು. ಅಕ್ಕ ಅವಳನ್ನೇ ನೋಡುತ್ತಿದ್ದವಳು ಮೆಲ್ಲಗೆ ಹೇಳಿದಳು:

"ಅವನು ನಿನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋದ ಅಂತ ಕೊರಗಬೇಡ ಕಣೇ. ಕೊನೇ ಕೊನೇಗೆ ಅವನಿಗೆ ಯಾರು ಯಾರು ಅಂತಾನೇ ಗೊತ್ತಾಗ್ತಿರ್ಲಿಲ್ಲ."

"ಗೊತ್ತಾಗ್ತಿತ್ತು ಅತ್ತಿಗೆ," ಎಂದಳು ಚಿಕ್ಕಮ್ಮ. ದನಿಯಲ್ಲಿ ಏನೂ ಇರಲಿಲ್ಲ. "ಚೆನ್ನಾಗಿ ಗೊತ್ತಾಗ್ತಿತ್ತು."

"ಹಾಗಂದ್ಕೊಂಡ್ರೆ ನಿನಗೇ ಸಂಕಟ."

"ಸಂಕಟ ಏನಿಲ್ಲ. ಅವರು ನನ್ನ ಕ್ಷಮಿಸ್ಲಿಲ್ಲ, ಸರಿ." ಚಿಕ್ಕಮ್ಮ ನೀರಿನ ಲೋಟ ಎತ್ತಿ ಕುಡಿದು ಕೆಳಗಿಟ್ಟಳು. "ನಾನೂ ಕ್ಷಮಿಸಿಲ್ಲ."

ಅಕ್ಕನ ತಟ್ಟೆಗೆ ಇನ್ನಷ್ಟು ಬಡಿಸಿದಳು. ನನಗೂ ಬಡಿಸಿದಳು. ಆಮೇಲೆ ಮೂವರೂ ಊಟ ಮುಂದುವರಿಸಿದೆವು.